ರೀಸೆಟ್ ಒತ್ತೋಕೆ ಮುಂಚೆ

ಹೋದ ಸೆಮಿಸ್ಟರ್ ಪರೀಕ್ಷೆ ಫೀಸ್ ಕಟ್ಟೋ ಕೊನೆ ದಿನ ನಮ್ಮ ರೂಮ್‌ಮೇಟ್ ಫೋನ್ 31% ಚಾರ್ಜ್ ತೋರಿಸ್ತಾ ಇದ್ದ ಹಾಗೇ ಆಫ್ ಆಗೋಯ್ತು. ಅದೂ ಸರಿಯಾಗಿ ಓಟಿಪಿ ಬರೋ ಹೊತ್ತಿಗೆ. ಅವನ ಅಣ್ಣ ಬಳಸಿ ಕೊಟ್ಟಿದ್ದ ಫೋನ್ ಅದು, ಐದು ವರ್ಷ ಹಳೇದು. ಸಿಮ್ ತೆಗೆದು ಇನ್ನೊಬ್ಬರ ಫೋನಿಗೆ ಹಾಕಿ ಹೇಗೋ ಫೀಸ್ ಕಟ್ಟಿದ್ವಿ. ರಾತ್ರಿ ರೂಮಲ್ಲಿ ಕೂತು ಭಾವೀ ಇಂಜಿನಿಯರ್‌ಗಳಾದ ನಾವು ಮೂರು ಜನ ತೀರ್ಮಾನ ಮಾಡಿದ್ವಿ: "ಇದು ಸಾಫ್ಟ್‌ವೇರ್ ಪ್ರಾಬ್ಲಮ್ ಕಣೋ, ಫ್ಯಾಕ್ಟರಿ ರೀಸೆಟ್ ಹೊಡಿ." ಹೊಡೆದ್ವಿ.

ಮಾರನೇ ದಿನ ಫೋನ್ 28%ಗೆ ಮತ್ತೆ ಆಫ್. ತೊಂದರೆ ಹಾಗೇ ಇತ್ತು, ಹೋಗಿದ್ದು ಬೇರೇನೇ. ಅವನ ಅಜ್ಜಿ ತೀರಿಕೊಳ್ಳೋಕೆ ಮುಂಚೆ ವಾಟ್ಸಾಪಲ್ಲಿ ಕಳಿಸ್ತಿದ್ದ ವಾಯ್ಸ್ ಮೆಸೇಜ್‌ಗಳು. ಊಟ ಆಯ್ತಾ, ಯಾವಾಗ ಬರ್ತೀಯಾ, ಅಷ್ಟೇ ಇರ್ತಿತ್ತು ಅದರಲ್ಲಿ. ಬ್ಯಾಕಪ್ ಇದ್ದೇ ಇರತ್ತೆ ಅಂದ್ಕೊಂಡಿದ್ವಿ. ನೋಡಿದ್ರೆ ಗೂಗಲ್ ಡ್ರೈವ್ ತುಂಬಿ, ಬ್ಯಾಕಪ್ ಎರಡು ವರ್ಷದ ಹಿಂದೆಯೇ ನಿಂತುಹೋಗಿತ್ತು. ಅವನು ನಮಗೆ ಬೈಲಿಲ್ಲ. ಬೈದಿದ್ರೇ ಚೆನ್ನಾಗಿರ್ತಿತ್ತು.

ಅವನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದ್ದೀವಿ. ಲ್ಯಾಬಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ರೆ ನಾವು ಮೊದಲು ಸಪ್ಲೈ ನೋಡ್ತೀವಿ, ಆಮೇಲೆ ವೈರು, ಆಮೇಲೆ ಐಸಿ. ಇಡೀ ಬ್ರೆಡ್‌ಬೋರ್ಡ್ ಕಿತ್ತುಹಾಕೋದು ಬೇರೆ ದಾರಿ ಇಲ್ಲದಾಗ. ಸ್ವಂತ ಫೋನ್ ವಿಷಯಕ್ಕೆ ಬಂದ್ರೆ ಮಾತ್ರ ಯಾಕೋ ಉಲ್ಟಾ ಶುರು ಮಾಡ್ತೀವಿ.

ಹಾಗಾಗಿ ಮೊದಲು ಸಪ್ಲೈ, ಅಂದ್ರೆ ಬ್ಯಾಟರಿ. ಪಿಯುಸಿಯಲ್ಲಿ ಇಂಟರ್ನಲ್ ರೆಸಿಸ್ಟೆನ್ಸ್ ಓದಿದ್ದು ನೆನಪಿದೆಯಲ್ಲ? (ಕನ್ನಡದಲ್ಲಿ ಅದಕ್ಕೆ ಆಂತರಿಕ ರೋಧ ಅಂತಾರೆ ಅನ್ನೋದು ನಮಗೆ ಕ್ಲಬ್ ಸೇರಿದ ಮೇಲೇ ಗೊತ್ತಾಗಿದ್ದು.) ಬ್ಯಾಟರಿಯಿಂದ ಹೊರಗೆ ಸಿಗೋ ವೋಲ್ಟೇಜ್ ಅಂದ್ರೆ ಒಳಗಿನ ಇಎಂಎಫ್‌ನಿಂದ ಕರೆಂಟ್ ಮತ್ತು ಆಂತರಿಕ ರೋಧದ ಗುಣಲಬ್ಧವನ್ನ ಕಳೆದ್ರೆ ಉಳಿಯೋದು. ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದ ಹಾಗೆ ಎರಡು ಆಗತ್ತೆ: ಹಿಡಿಸೋ ಚಾರ್ಜ್ ಕಮ್ಮಿ ಆಗತ್ತೆ, ಈ ರೋಧ ಜಾಸ್ತಿ ಆಗತ್ತೆ. ಮೊದಲನೆಯದು ಎಲ್ಲರಿಗೂ ಗೊತ್ತು. ಫೋನನ್ನ ದಿಢೀರ್ ಅಂತ ಆಫ್ ಮಾಡೋದು ಎರಡನೆಯದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಅರ್ಧಕ್ಕಿಂತ ಕಮ್ಮಿ ಚಾರ್ಜ್ ಇರೋ ಬ್ಯಾಟರಿಯ ಇಎಂಎಫ್ 3.7 ವೋಲ್ಟ್ ಅಂತಿಟ್ಕೊಳ್ಳಿ. ಕ್ಯಾಮೆರಾ ತೆಗೆದ್ರಿ, ಒಂದು ಕ್ಷಣ 2 ಆಂಪಿಯರ್ ಎಳೀತು. ರೋಧ 0.1 ಓಮ್ ಇದ್ರೆ ಬೀಳೋದು 0.2 ವೋಲ್ಟ್, ಫೋನಿಗೆ 3.5 ಸಿಗತ್ತೆ, ಆರಾಮ. ಅದೇ ಹಳೇ ಬ್ಯಾಟರಿಯಲ್ಲಿ ರೋಧ 0.3 ಓಮ್ ಆಗಿದ್ರೆ 0.6 ವೋಲ್ಟ್ ಬಿದ್ದು ಬರೀ 3.1 ಉಳೀತು. ಅಷ್ಟು ಕಮ್ಮಿ ವೋಲ್ಟೇಜಲ್ಲಿ ಪ್ರೊಸೆಸರ್ ನಡೆಸೋಕಾಗಲ್ಲ ಅಂತ ಪವರ್ ಸರ್ಕ್ಯೂಟ್ ಫೋನನ್ನ ಆಫ್ ಮಾಡತ್ತೆ. ಒಳಗೆ ಚಾರ್ಜ್ ಇನ್ನೂ ಇದೆ, ಆದ್ರೆ ಒಂದೇ ಸಲ ಅಷ್ಟು ಕೊಡೋ ಶಕ್ತಿ ಇಲ್ಲ. ಮೇಲೆ ಕಾಣೋ ಶೇಕಡಾ ಕೂಡ ಅಂದಾಜಿನ ಲೆಕ್ಕವೇ. ಬೈಕಿನ ಪೆಟ್ರೋಲ್ ಮುಳ್ಳನ್ನ ಎಷ್ಟು ನಂಬ್ತೀರೋ ಅಷ್ಟು ನಂಬಿ.

ಪರೀಕ್ಷೆ ಮಾಡೋದು ಸುಲಭ. ಚಾರ್ಜರ್ ಹಾಕಿಟ್ಟು ಅದೇ ಕ್ಯಾಮೆರಾ, ಅದೇ ಗೇಮ್ ಓಡಿಸಿ. ಆಗ ಆಫ್ ಆಗದೆ, ಚಾರ್ಜರ್ ತೆಗೆದ ಮೇಲೆ ಮಾತ್ರ ಆಗ್ತಿದ್ರೆ ತಪ್ಪು ಬಹುತೇಕ ಬ್ಯಾಟರಿದೇ. ಚಳಿಯಲ್ಲಿ ರೋಧ ಇನ್ನೂ ಏರೋದ್ರಿಂದ ಡಿಸೆಂಬರ್ ಬೆಳಗ್ಗೆ ಈ ಕಾಟ ಜಾಸ್ತಿ. ಐಫೋನ್ ಇರೋರು ಸೆಟ್ಟಿಂಗ್ಸಲ್ಲಿ ಬ್ಯಾಟರಿ ಹೆಲ್ತ್ ನೋಡಬಹುದು. ಆ ಐಫೋನಿನದೇ ಒಂದು ಕಥೆ ಇದೆ. ಬ್ಯಾಟರಿ ಹಳೇದಾದ ಫೋನ್‌ಗಳು ಹೀಗೆ ಆಫ್ ಆಗಬಾರದು ಅಂತ ಅವುಗಳ ವೇಗವನ್ನ ತಾನೇ ತಗ್ಗಿಸ್ತಿದ್ದೀನಿ ಅಂತ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಳ್ತು. ಜನ ರೇಗಿದ ಮೇಲೆ ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನ 29 ಡಾಲರ್‌ಗೆ ಇಳಿಸ್ತು. ಫೋನ್ ಸ್ಲೋ ಆಯ್ತು ಅಂತ ಹೊಸದು ಕೊಂಡ ಎಷ್ಟೋ ಜನಕ್ಕೆ ಬೇಕಾಗಿದ್ದು ಬರೀ ಒಂದು ಬ್ಯಾಟರಿ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಹಿಂದಿನ ಕವರ್ ಉಬ್ಬಿದ್ರೆ ಅಥವಾ ಸ್ಕ್ರೀನ್ ಅಂಚು ಮೇಲೆದ್ದಿದ್ರೆ ಒಳಗೆ ಗ್ಯಾಸ್ ತುಂಬಿ ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಚಾರ್ಜ್ ಹಾಕ್ಬೇಡಿ, ಒತ್ತಿ ಕೂರಿಸೋಕೆ ಹೋಗ್ಬೇಡಿ, ಚುಚ್ಚಲೇಬೇಡಿ. ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ತೆಗೆದ ಬ್ಯಾಟರಿ ಹಾಸ್ಟೆಲ್ ಕಸದ ಡಬ್ಬಕ್ಕೆ ಹೋಗಬಾರದು, ಇ-ತ್ಯಾಜ್ಯಕ್ಕೆ ಹೋಗಬೇಕು.

ಎರಡನೇದು ವೈರು. ಚಾರ್ಜ್ ನಿಧಾನ, ಇಲ್ಲಾ ಕೇಬಲ್ ಒಂದು ಕೋನದಲ್ಲಿ ಹಿಡಿದ್ರೆ ಮಾತ್ರ ಚಾರ್ಜ್. ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ಬೇರೆ ಅಡಾಪ್ಟರ್. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ಎರಡೂ ಸರಿ ಇದ್ರೆ ಇನ್ನೊಂದು ಫೋನಿನ ಟಾರ್ಚ್ ಹಾಕಿ ಪೋರ್ಟ್ ಒಳಗೆ ನೋಡಿ. ಜೀನ್ಸ್ ಜೇಬಿನ ಹತ್ತಿ ನಾರು ದಿನಾ ಒಳಗೆ ತಳ್ಳಿ ತಳ್ಳಿ ಗಟ್ಟಿಯಾಗಿ ಕೂತಿರತ್ತೆ, ಅದರಿಂದ ಕೇಬಲ್ ಪೂರ್ತಿ ಒಳಗೆ ಹೋಗಲ್ಲ. ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ. ಸೇಫ್ಟಿ ಪಿನ್ ಬೇಡ, ಟೈಪ್-ಸಿ ಪೋರ್ಟಿನ ಮಧ್ಯದ ನಾಲಿಗೆ ಮೇಲೆ ಸಣ್ಣ ಸಣ್ಣ ಸಂಪರ್ಕಗಳಿವೆ, ಲೋಹ ತಗುಲಿದ್ರೆ ಶಾರ್ಟ್ ಆಗಬಹುದು. ಹೀಗೆ ಕೆದಕಿದಾಗ ನಮ್ಮ ಪಕ್ಕದ ರೂಮಿನವನ ಫೋನಿಂದ ಬಂದ ಹತ್ತಿಯಲ್ಲಿ ದೀಪಕ್ಕೆ ಒಂದು ಬತ್ತಿ ಹೊಸೀಬಹುದಿತ್ತು.

ಇನ್ನು ಸ್ಲೋ ಆಗೋದು. ಇಲ್ಲಿ ಮೊದಲು ನೋಡಬೇಕಾದ್ದು ಸ್ಟೋರೇಜ್. ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯೋದು ಸಣ್ಣ ಪೇಜ್ ಲೆಕ್ಕದಲ್ಲಿ, ಅಳಿಸೋದು ಮಾತ್ರ ಎಷ್ಟೋ ಪೇಜ್ ಇರೋ ದೊಡ್ಡ ಬ್ಲಾಕ್ ಲೆಕ್ಕದಲ್ಲಿ. ಖಾಲಿ ಬ್ಲಾಕ್ ಇಲ್ಲದಿದ್ರೆ ಒಂದು ಸಣ್ಣ ಫೈಲ್ ಬರೆಯೋಕೂ ಮೊದಲು ಬೇಕಾದ ಪೇಜ್‌ಗಳನ್ನ ಬೇರೆ ಕಡೆ ಸಾಗಿಸಿ ಬ್ಲಾಕ್ ಅಳಿಸಬೇಕು. ತುಂಬಿದ ಬಸ್ಸಲ್ಲಿ ಹಿಂದಿನೋರು ಇಳಿಯೋಕೆ ಮುಂದಿನೋರೆಲ್ಲ ಇಳಿದು ಹತ್ತೋ ಹಾಗೆ. ಹತ್ತರಲ್ಲಿ ಒಂದು ಭಾಗವಾದ್ರೂ ಖಾಲಿ ಇರಲಿ. ವಾಟ್ಸಾಪ್ ಸೆಟ್ಟಿಂಗ್ಸ್ ಒಳಗೆ 'ಮ್ಯಾನೇಜ್ ಸ್ಟೋರೇಜ್' ಇದೆ, ಯಾವ ಗ್ರೂಪ್ ಎಷ್ಟು ತಿಂದಿದೆ ಅಂತ ತೋರಿಸತ್ತೆ. ಶುಭೋದಯದ ಹೂವಿನ ಫೋಟೋಗಳು ಅಷ್ಟು ಜಾಗ ತಗೊಳ್ತವೆ ಅಂತ ನಾವಂತೂ ಊಹಿಸಿರಲಿಲ್ಲ. ಕ್ಲೀನರ್, ಬೂಸ್ಟರ್ ಆ್ಯಪ್‌ಗಳನ್ನ ಹಾಕ್ಬೇಡಿ. ಅವು ಮುಚ್ಚಿದ ಆ್ಯಪನ್ನ ಫೋನ್ ಮತ್ತೆ ಮೊದಲಿಂದ ತೆರೀಬೇಕು.

ಚಾರ್ಜ್ ಪೂರ್ತಿ ಇಳಿದು ದಿನಗಟ್ಟಲೆ ಆಫ್ ಇದ್ದ ಫೋನಲ್ಲಿ ನೆಟ್ ಇದ್ರೂ ಸೈಟ್‌ಗಳು ತೆರೀದಿದ್ರೆ ತಾರೀಕು ನೋಡಿ. ಅದು ಹಿಂದಕ್ಕೆ ಹೋಗಿದ್ರೆ ಸೈಟಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಬ್ರೌಸರ್ ತಿರಸ್ಕರಿಸತ್ತೆ. ತಾರೀಕು ಸರಿ ಮಾಡಿದ್ರೆ ಸಾಕು.

ಇಷ್ಟೆಲ್ಲ ಆದ ಮೇಲೂ ಸರಿ ಹೋಗದಿದ್ರೆ ರೀಸೆಟ್. ಅದಕ್ಕೂ ಮುಂಚೆ ಕೊನೇ ಬ್ಯಾಕಪ್ ಯಾವ ತಾರೀಕಿನದು ಅಂತ ಕಣ್ಣಾರೆ ನೋಡಿ, ಗೂಗಲ್ ಪಾಸ್‌ವರ್ಡ್ ನೆನಪಿದೆಯಾ ಅಂತ ಇನ್ನೊಂದು ಕಡೆ ಲಾಗಿನ್ ಆಗಿ ಪರೀಕ್ಷಿಸಿ. ವಾಯ್ಸ್ ಮೆಸೇಜ್‌ಗಳು ಮುಖ್ಯ ಅನ್ನೋರು ಆಂಡ್ರಾಯ್ಡ್ ಫೋನನ್ನ ಲ್ಯಾಪ್‌ಟಾಪಿಗೆ ಹಾಕಿ 'ಆಂಡ್ರಾಯ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ', ಅದರೊಳಗೆ ವಾಟ್ಸಾಪ್ ಫೋಲ್ಡರ್ ತೆಗೀರಿ. 'ವಾಟ್ಸಾಪ್ ವಾಯ್ಸ್ ನೋಟ್ಸ್' ಅಂತ ಇರತ್ತೆ. ಹಾಗೇ ಕಾಪಿ ಮಾಡ್ಕೊಳ್ಳಿ, ಓಪಸ್ ಫೈಲ್‌ಗಳು, ವಿಎಲ್‌ಸಿಯಲ್ಲಿ ಓಡ್ತವೆ. ಐದು ನಿಮಿಷದ ಕೆಲಸ. ಆ ರಾತ್ರಿ ನಮಗೆ ಗೊತ್ತಿರಲಿಲ್ಲ.

ಹೊಸ ಬ್ಯಾಟರಿಗೆ 900 ರೂಪಾಯಿ ಆಯ್ತು, ಮೂರು ಜನ ಹಂಚ್ಕೊಂಡ್ವಿ. ಫೋನ್ ಈಗ ರಾತ್ರಿವರೆಗೂ ಬರತ್ತೆ. ದಸರಾ ರಜೆಗೆ ಊರಿಗೆ ಹೋದಾಗ ಅವನ ಅಕ್ಕನ ಫೋನಲ್ಲಿ ಅಜ್ಜಿಯ ಎರಡು ಮೆಸೇಜ್ ಸಿಕ್ಕವು, ಅವನೇ ಯಾವತ್ತೋ ಫಾರ್ವರ್ಡ್ ಮಾಡಿದ್ದು. ಈಗ ಅವು ನಮ್ಮ ಮೂರೂ ಲ್ಯಾಪ್‌ಟಾಪಲ್ಲಿವೆ.

ಫೋನ್ ತೊಂದರೆ ಇದ್ದೋರು ಕ್ಲಬ್ ರೂಮಿಗೆ ತನ್ನಿ. ಕೇಬಲ್, ಅಡಾಪ್ಟರ್ ಎರಡನ್ನೂ ತನ್ನಿ. ಟೂತ್‌ಪಿಕ್ ನಮ್ಮತ್ರ ಇದೆ.