ವಕೀಲರಲ್ಲದವರು ಹಿರಿಯರ ಪರ ನಿಲ್ಲಬಹುದೇ?

ಪ್ರಶ್ನೆ: ನಮ್ಮ ಹೋಬಳಿಯಲ್ಲಿ ನಿವೃತ್ತ ಮೇಷ್ಟ್ರುಗಳು, ಅಂಚೆ ಮತ್ತು ಬ್ಯಾಂಕ್ ನೌಕರರು ಸೇರಿ ಏಳೆಂಟು ಮಂದಿ ಇದ್ದೇವೆ. ಪ್ರತಿವರ್ಷ ಅಕ್ಟೋಬರ್ 1ರಂದು ಊರಿನ ಹಿರಿಯರಿಗೆ ಶಾಲು ಹೊದಿಸಿ ಹಣ್ಣು ಕೊಡುತ್ತೇವೆ. ಅಷ್ಟಕ್ಕೇ ನಿಲ್ಲದೆ ಪಿಂಚಣಿ, ಆಸ್ಪತ್ರೆ, ಮಕ್ಕಳ ತಕರಾರು ಇಂಥವುಗಳಲ್ಲಿ ಅವರ ಪರವಾಗಿ ಓಡಾಡುವ ಸ್ವಯಂಸೇವಕರ ತಂಡ ಕಟ್ಟುವ ಆಸೆ. ನಾವ್ಯಾರೂ ವಕೀಲರಲ್ಲ. ಇದು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಸಾಧ್ಯ. ಹಿರಿಯರ ಬಹುಪಾಲು ಕೆಲಸ ಕೆಡುವುದು ಕಾನೂನಿನ ತೊಡಕಿನಿಂದಲ್ಲ, ಕೌಂಟರಿನಲ್ಲಿ ಕೇಳಿಬರುವ "ನಾಳೆ ಬನ್ನಿ"ಯಿಂದ. ಆ ಬಾಯಿಮಾತನ್ನು ಬರಹಕ್ಕೆ ಇಳಿಸುವವರು ಬೇಕು. ಕಾಗದಪತ್ರದಲ್ಲೇ ಆಯುಷ್ಯ ಸವೆಸಿದ ನಿಮ್ಮಂಥವರಿಗಿಂತ ಅದಕ್ಕೆ ತಕ್ಕವರು ಯಾರು?

ಮೊದಲು ಪಿಂಚಣಿಯನ್ನೇ ಹಿಡಿಯಿರಿ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಅರ್ಹರಿಗೆ. ಬಡತನ ರೇಖೆಗಿಂತ ಕೆಳಗಿರುವವರಿಗೆ 60ರಿಂದಲೇ ಇಂದಿರಾಗಾಂಧಿ ವೃದ್ಧಾಪ್ಯ ವೇತನವಿದೆ. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಅಜ್ಜಿ ಬಂದು "ದುಡ್ಡು ಬಂದಿಲ್ಲಪ್ಪಾ" ಎಂದಾಗ ಅದು ಎಲ್ಲಿ ನಿಂತಿದೆ ಎಂದು ಹುಡುಕುವುದೇ ನಿಮ್ಮ ಕೆಲಸ. ಆಧಾರ್ ಬೇರೆ ಖಾತೆಗೆ ಜೋಡಣೆಯಾಗಿರಬಹುದು. ಆಧಾರಿನಲ್ಲಿ ವಯಸ್ಸು ತಪ್ಪಾಗಿರಬಹುದು. ಕೂಲಿ ಮಾಡಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದೆ ಇರಬಹುದು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಿರಿಯರ ಪೆಟ್ಟಿಗೆಯಲ್ಲಿ ಇನ್ನೂ ಹಳೇ ಪಾಸ್‌ಬುಕ್ಕೇ ಇದ್ದರೆ ಅದರಲ್ಲಿನ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ. ಒಂದೊಂದು ಕಾರಣಕ್ಕೆ ಒಂದೊಂದು ಬಾಗಿಲು. ಕಾರಣ ತಿಳಿಯದೆ ಹೋದರೆ ಎಲ್ಲ ಬಾಗಿಲನ್ನೂ ಸುಮ್ಮನೆ ತಟ್ಟಬೇಕಾಗುತ್ತದೆ.

ಅರ್ಜಿ ಕೊಟ್ಟ ಕೂಡಲೇ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಅದಕ್ಕೂ ಬಗ್ಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಉತ್ತರಕ್ಕೆ 30 ದಿನ.

ಮನೆಯೊಳಗಿನ ತಕರಾರು ಇದಕ್ಕಿಂತ ನಾಜೂಕು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯವರೇ ನ್ಯಾಯಮಂಡಳಿ. ಹಿರಿಯರು ತಾವೇ ಅರ್ಜಿ ಕೊಡಬಹುದು. ಕೈಲಾಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೊಬ್ಬ ವ್ಯಕ್ತಿ ಅಥವಾ ನೋಂದಾಯಿತ ಸಂಸ್ಥೆ ಅವರ ಪರವಾಗಿ ಕೊಡಬಹುದು. ನಿಮ್ಮ ಪ್ರಶ್ನೆಗೆ ಕಾನೂನು ಕೊಡುವ ನೇರ ಉತ್ತರ ಇದು. ಜೀವನಾಂಶದ ಅರ್ಜಿ ನೋಟಿಸ್ ಜಾರಿಯಾದ 90 ದಿನದೊಳಗೆ ಇತ್ಯರ್ಥವಾಗಬೇಕು; ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ ಹೆಚ್ಚಿಸಬಹುದು. ಮಕ್ಕಳಿಗೆ ಮನೆ ಬರೆದುಕೊಡಲು ಹೊರಟವರಿಗೆ 23ನೇ ಕಲಂ ತಿಳಿಸಿಹೇಳಿ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಆ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆದ್ದರಿಂದ ಷರತ್ತನ್ನು ದಾನಪತ್ರದಲ್ಲೇ ಬರೆಸುವುದು ಕ್ಷೇಮ.

"ಕೊಟ್ಟ ಅಧಿಕಾರ" ಎಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ 1972ರಲ್ಲಿ ಪ್ರಯೋಗವಾಗಿ ಶುರುವಾಗಿ, 1978ರ ತಿದ್ದುಪಡಿಯಿಂದ ಎಲ್ಲ ರಾಜ್ಯಗಳಿಗೂ ಕಡ್ಡಾಯವಾದ ಆಂಬುಡ್ಸ್‌ಮನ್ ವ್ಯವಸ್ಥೆಯಿದೆ. ಅಲ್ಲಿ ತರಬೇತಾದ ಸ್ವಯಂಸೇವಕರು ವೃದ್ಧರ ಆರೈಕೆ ಕೇಂದ್ರಗಳಿಗೆ ಹೋಗಿ ದೂರು ಕೇಳುತ್ತಾರೆ. ಅಲ್ಲಿಯ ಮೂಲ ನಿಯಮ, ನಿವಾಸಿ ಒಪ್ಪದೆ ದೂರನ್ನು ಮುಂದಕ್ಕೆ ಒಯ್ಯಬಾರದು. ನಿಮಗೂ ಅದೇ ಕಟ್ಟಳೆ ಇರಲಿ. "ಮಗನ ಮೇಲೆ ಅರ್ಜಿ ಬೇಡ" ಎಂದು ತಾಯಿ ಹೇಳಿದರೆ ಅರ್ಜಿ ಬೇಡ. ಔಷಧಿ ಸಿಗುತ್ತಿದೆಯೇ ವಿಚಾರಿಸಿ, ಹಿರಿಯರ ಸಹಾಯವಾಣಿ 14567 ಬರೆದುಕೊಟ್ಟು ಬನ್ನಿ, ಮುಂದಿನ ವಾರ ಮತ್ತೆ ಹೋಗಿ. ಹೊಡೆತ ಬಡಿತ, ಪ್ರಾಣಭಯ ಕಂಡರೆ ಮಾತ್ರ ಕಾಯದೆ 112ಕ್ಕೆ ಕರೆ ಮಾಡಿ.

ತಂಡದೊಳಗೂ ಕೆಲವು ಕಟ್ಟುಪಾಡು ಬೇಕು. ಯಾರ ಮನೆಗೇ ಆಗಲಿ ಇಬ್ಬರು ಹೋಗಿ. ಪಾಸ್‌ಬುಕ್, ಎಟಿಎಂ ಕಾರ್ಡ್, ಮೂಲ ದಾಖಲೆಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಬೇಡಿ; ಜೆರಾಕ್ಸ್ ಸಾಕು. ಬಸ್ ಚಾರ್ಜನ್ನೂ ಹಿರಿಯರಿಂದ ತೆಗೆದುಕೊಳ್ಳಬೇಡಿ. ವಿಲ್, ದಾನಪತ್ರಗಳಿಗೆ ಸಾಕ್ಷಿ ಸಹಿ ಬೇಡ. ಒಬ್ಬರ ಮನೆಯ ಮಾತು ಅರಳಿಕಟ್ಟೆಗೆ ಬಂದರೆ ತಂಡ ಅಂದೇ ಮುಗಿದಂತೆ. ತರಬೇತಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ; ಹಿರಿಯ ನಾಗರಿಕರಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2016ರಲ್ಲಿ ಯೋಜನೆ ರೂಪಿಸಿದೆ. ವಕೀಲರೇ ಬೇಕಾದ ಪ್ರಕರಣಗಳನ್ನೂ ಅಲ್ಲಿಗೇ ಒಯ್ಯಿರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಇಷ್ಟೂ ಒಬ್ಬೊಬ್ಬರ ಕಷ್ಟ ಬಗೆಹರಿಸುವ ಮಾತಾಯಿತು. ಊರಿನ ವ್ಯವಸ್ಥೆಯೇ ಸರಿಯಾಗಬೇಕಾದರೆ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಯಾರು, ಏನು ಕೆಲಸ, ಯಾವ ಕಚೇರಿ, ಎಲ್ಲಿ ನಿಂತಿದೆ, ಯಾವ ತಾರೀಖು ಎಂದು ಪ್ರತಿ ಪ್ರಕರಣವನ್ನೂ ಬರೆಯಿರಿ. ಕೆಲವು ತಿಂಗಳಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಕಾಣತೊಡಗಿದರೆ, ಅದೇ ನಿಮ್ಮ ಬೇಡಿಕೆ. ಹೆಸರು ಬಿಟ್ಟು ಪಟ್ಟಿ ಮಾಡಿ ಪಿಂಚಣಿ ಅದಾಲತ್ತಿನಲ್ಲಿ, ಗ್ರಾಮಸಭೆಯಲ್ಲಿ ಮುಂದಿಡಿ. ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇಲ್ಲವೆಂದರೆ, 2007ರ ಕಾಯ್ದೆಯ 20ನೇ ಕಲಂ ಅದನ್ನೇ ಹೇಳುತ್ತದೆ ಎಂದು ಮನವಿಯಲ್ಲಿ ಬರೆಯಿರಿ. "ಹಿರಿಯರಿಗೆ ತೊಂದರೆಯಾಗುತ್ತಿದೆ" ಎಂಬ ಭಾಷಣಕ್ಕೆ ಅಧಿಕಾರಿ ತಲೆದೂಗಿ ಸುಮ್ಮನಾಗಬಹುದು. ತಾರೀಖಿನ ಸಮೇತ ಪಟ್ಟಿ ಇಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ಈ ವಾರದ ಸಂತೆಯ ದಿನ ನಾಡಕಚೇರಿ ಎದುರು ಒಂದು ಬೆಂಚು ಹಾಕಿ ಇಬ್ಬರು ಕೂತುಬಿಡಿ. ಅದೇ ಜಾಗ, ಅದೇ ಹೊತ್ತು, ಒಂದು ವಾರವೂ ತಪ್ಪದಿರಲಿ. ಸಂಘ ನೋಂದಾಯಿಸಲು ಏಳು ಮಂದಿ ಸಾಕು, ನೀವು ಅಷ್ಟಿದ್ದೀರಿ. ಆದರೆ ಹೆಸರು, ಮೊಹರು, ಲೆಟರ್‌ಹೆಡ್ಡಿನ ಚರ್ಚೆ ನೋಟ್‌ಬುಕ್ಕಿನ ಮೊದಲ ಹತ್ತು ಪುಟ ತುಂಬಿದ ಮೇಲೆ ಇಟ್ಟುಕೊಳ್ಳಿ.