ಹತ್ತು ಸಾವಿರ ಹನಿಗಳ ಮಳೆ ಏಕೆ ತಡವರಿಸುತ್ತದೆ?

ಪ್ರಶ್ನೆ: ಓಪನ್‌ಜಿಎಲ್‌ನಲ್ಲಿ ಮಳೆ ಸುರಿಯುವ ದೃಶ್ಯ ಮಾಡುತ್ತಿದ್ದೇನೆ. ಸಾವಿರ ಹನಿಗಳಿದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಹತ್ತು ಸಾವಿರಕ್ಕೆ ಏರಿಸಿದ ಮೇಲೆ ತೆವಳುತ್ತಿದೆ. ಪ್ರತಿ ಫ್ರೇಮ್‌ನಲ್ಲೂ ಒಂದೊಂದು ಹನಿಯ ಹೊಸ ಸ್ಥಾನವನ್ನು ಬಫರ್‌ಗೆ ಬರೆದು, ಅದನ್ನು ಬಿಡಿಸಿ, ಮುಂದಿನ ಹನಿಗೆ ಹೋಗುತ್ತೇನೆ. ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದುಡ್ಡು ಖರ್ಚು ಮಾಡಬೇಡಿ. ಮೊದಲು ಒಂದು ಲೆಕ್ಕ ಹಾಕೋಣ.

ಒಂದು ಹನಿಗೆ ನಾಲ್ಕು ಮೂಲೆ, ಅಂದರೆ ನಾಲ್ಕು ವರ್ಟೆಕ್ಸ್. ಒಂದು ವರ್ಟೆಕ್ಸ್‌ನ ಸ್ಥಾನಕ್ಕೆ 12 ಬೈಟ್, ಬಣ್ಣಕ್ಕೆ 4 ಬೈಟ್ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಹನಿಗಳಿಗೆ 6,40,000 ಬೈಟ್ ಆಯಿತು. ಸೆಕೆಂಡಿಗೆ 60 ಸಲ ಕಳಿಸಿದರೂ 40 ಮೆಗಾಬೈಟ್ ಮುಟ್ಟುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ 3.0ರ 16 ಲೇನ್‌ಗಳ ಸ್ಲಾಟ್ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗಿಸಬಲ್ಲದು. ಅದರ ಮುಂದೆ ನಿಮ್ಮ ಮಳೆ ಒಂದು ತುಂತುರು. ಹೊರೆ ಇಷ್ಟು ಹಗುರವಾಗಿರುವಾಗ ಸಮಯ ಎಲ್ಲಿ ಸೋರುತ್ತಿದೆ?

ಒಂದು ಸೋರಿಕೆ ಕರೆಗಳ ಸಂಖ್ಯೆಯಲ್ಲಿದೆ. ಹನಿಗೊಂದು ಬರೆಯುವ ಕರೆ, ಒಂದು ಬಿಡಿಸುವ ಕರೆ: ಫ್ರೇಮ್‌ಗೆ ಇಪ್ಪತ್ತು ಸಾವಿರ. ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ. ಅದನ್ನು ಹಂಚಿದರೆ ಒಂದು ಕರೆಯ ಪಾಲಿಗೆ ಒಂದು ಮೈಕ್ರೊಸೆಕೆಂಡ್ ಕೂಡ ಬರುವುದಿಲ್ಲ. ಪ್ರತಿ ಕರೆಯಲ್ಲೂ ಡ್ರೈವರ್ ತನ್ನ ತಪಾಸಣೆಗಳನ್ನು ಮುಗಿಸಿಯೇ ಆಜ್ಞೆಯನ್ನು ಮುಂದಕ್ಕೆ ಕಳಿಸಬೇಕು.

ಈ ರೂಢಿ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ವಿಟಿಯು ಗ್ರಾಫಿಕ್ಸ್ ಲ್ಯಾಬ್‌ನಲ್ಲಿ ಸಿಯರ್‌ಪಿನ್‌ಸ್ಕಿ ತ್ರಿಕೋನ, ತಿರುಗುವ ಬಣ್ಣದ ಘನ ಮಾಡಿದವರಿಗೆಲ್ಲ ಜಿಎಲ್‌ಬಿಗಿನ್, ಜಿಎಲ್‌ಎಂಡ್ ಪರಿಚಿತ. 1992ರಲ್ಲಿ ಓಪನ್‌ಜಿಎಲ್ ಬಂದಾಗಿನಿಂದ ಇರುವ ದಾರಿ ಅದು: ಒಂದೊಂದೇ ಬಿಂದುವನ್ನು ಹೆಸರಿಟ್ಟು ಕರೆಯುವುದು. ಕಲಿಯಲು ಅದಕ್ಕಿಂತ ಸುಲಭವಾದದ್ದಿಲ್ಲ. 2003ರ 1.5 ಆವೃತ್ತಿ ಬಫರ್‌ಗಳನ್ನು ಕೊಟ್ಟಿತು, 2009ರ 3.1 ಹಳೆಯ ದಾರಿಯನ್ನು ಮುಖ್ಯ ಭಾಗದಿಂದ ತೆಗೆದೇ ಹಾಕಿತು. ನೀವು ಬಫರ್ ಬಳಸುತ್ತಿದ್ದೀರಿ, ಆದರೆ ಹಳೆಯ ಕ್ರಮದಲ್ಲೇ. ನೂರು ಜನರ ಪಂಕ್ತಿಗೆ ಸಾರಿನ ಬಕೆಟ್ ಹಿಡಿದು ಬರುವ ಬದಲು ಒಂದೊಂದು ಸೌಟಿಗೂ ಅಡುಗೆಮನೆಗೆ ಓಡಿದಂತೆ.

ಹಾಗಾಗಿ ಎಲ್ಲ ಹನಿಗಳನ್ನೂ ನಿಮ್ಮ ಪ್ರೋಗ್ರಾಮಿನ ಒಂದೇ ಅರೇಯಲ್ಲಿ ಲೆಕ್ಕ ಹಾಕಿ, ಒಂದೇ ಸಲ ಬರೆದು, ಒಂದೇ ಕರೆಯಲ್ಲಿ ಬಿಡಿಸಿ. ಹನಿಗಳೆಲ್ಲ ಒಂದೇ ಆಕಾರವಾದ್ದರಿಂದ ಇನ್‌ಸ್ಟೆನ್ಸಿಂಗ್ ಕೂಡ ನಿಮಗೆ ಹೇಳಿ ಮಾಡಿಸಿದ್ದು. ನಾಲ್ಕು ಮೂಲೆಗಳ ಆಕಾರ ಒಮ್ಮೆ ಕಾರ್ಡಿನಲ್ಲಿದ್ದರೆ ಸಾಕು, ಹನಿಗೆ 16 ಬೈಟ್ ಮಾತ್ರ ಕಳಿಸಬಹುದು. 6,40,000 ಇದ್ದದ್ದು 1,60,000ಕ್ಕೆ ಇಳಿಯುತ್ತದೆ.

ಇನ್ನೊಂದು ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ನೀವು ಬಿಡಿಸು ಎಂದ ಕೂಡಲೇ ಜಿಪಿಯು ಬಿಡಿಸುವುದಿಲ್ಲ. ಆಜ್ಞೆ ಸರದಿಯಲ್ಲಿ ನಿಲ್ಲುತ್ತದೆ. ಸಿಪಿಯು ಒಂದೆರಡು ಫ್ರೇಮ್ ಮುಂದೆಯೇ ಇರುತ್ತದೆ. ಜಿಪಿಯು ಇನ್ನೂ ಓದುತ್ತಿರುವ ಬಫರ್ ಮೇಲೆ ಜಿಎಲ್‌ಬಫರ್‌ಸಬ್‌ಡೇಟಾದಿಂದ ಬರೆಯಲು ಹೊರಟರೆ ಡ್ರೈವರ್‌ಗೆ ಉಳಿಯುವ ದಾರಿ ಎರಡು: ಓದು ಮುಗಿಯುವ ತನಕ ನಿಮ್ಮ ಪ್ರೋಗ್ರಾಮನ್ನು ನಿಲ್ಲಿಸುವುದು, ಇಲ್ಲವೇ ಹೊಸ ದತ್ತಾಂಶವನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳುವುದು. ಎರಡೂ ದುಬಾರಿ.

ಊಟ ಮಾಡುತ್ತಿರುವವರ ಎಲೆ ಎಳೆಯಲಾಗದು. ಮುಂದಿನವರಿಗೆ ಹೊಸ ಎಲೆ ಹಾಕಬೇಕು. ಜಿಎಲ್‌ಬಫರ್‌ಡೇಟಾಗೆ ಅದೇ ಗಾತ್ರ ಹೇಳಿ, ದತ್ತಾಂಶದ ಜಾಗದಲ್ಲಿ ಶೂನ್ಯ ವಿಳಾಸ ಕೊಟ್ಟರೆ ಆಗುವುದು ಹೆಚ್ಚುಕಡಿಮೆ ಇದೇ. ಹಳೆಯ ಮೆಮೊರಿಯನ್ನು ಜಿಪಿಯು ಓದಿ ಮುಗಿಸಲು ಬಿಟ್ಟು ಡ್ರೈವರ್ ನಿಮಗೆ ಹೊಸ ಜಾಗ ಕೊಡಬಹುದು. ಇದಕ್ಕೆ ಬಫರನ್ನು ಅನಾಥಗೊಳಿಸುವುದು ಎನ್ನುತ್ತಾರೆ. ಹೆಸರು ಕ್ರೂರ, ಕೆಲಸ ಸೌಮ್ಯ. ಸ್ಟ್ರೀಮ್ ಡ್ರಾ ಎಂಬ ಸೂಚನೆಯನ್ನೂ ಕೊಡಿ, ಆದರೆ ಅದು ಸೂಚನೆಯಷ್ಟೇ; ಡ್ರೈವರ್ ಅದನ್ನು ಪಾಲಿಸಲೇಬೇಕೆಂದಿಲ್ಲ. ಪೂರ್ತಿ ಹಿಡಿತ ಬೇಕಿದ್ದರೆ 2013ರ 4.4 ಆವೃತ್ತಿಯಲ್ಲಿ ಬಂದ ಪರ್ಸಿಸ್ಟೆಂಟ್ ಮ್ಯಾಪಿಂಗ್ ಇದೆ. ಮೂರು ಫ್ರೇಮ್‌ಗಳಿಗಾಗುವಷ್ಟು ದೊಡ್ಡ ಬಫರ್ ಮಾಡಿ, ಒಮ್ಮೆ ಮ್ಯಾಪ್ ಮಾಡಿ ಹಾಗೆಯೇ ಇಟ್ಟುಕೊಂಡು, ಮೂರು ಭಾಗಗಳಲ್ಲಿ ಸರದಿಯಂತೆ ಬರೆಯುತ್ತಾ ಹೋಗುವುದು. ಜಿಪಿಯು ಒಂದು ಭಾಗವನ್ನು ಬಿಟ್ಟಿತೇ ಎಂದು ಫೆನ್ಸ್ ಇಟ್ಟು ಕೇಳಿಕೊಳ್ಳುವ ಹೊಣೆ ಮಾತ್ರ ನಿಮ್ಮದು. ಅದನ್ನು ಮರೆತರೆ ಅರ್ಧ ಹಳೆಯ, ಅರ್ಧ ಹೊಸ ಹನಿಗಳು ಪರದೆಯಲ್ಲಿ ಮಿನುಗುತ್ತವೆ. ಕಾರಣ ಹುಡುಕಲು ದಿನಗಳೇ ಬೇಕಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಮಳೆಗೆ ಇದು ಯಾವುದೂ ಬೇಕಾಗಲಿಕ್ಕಿಲ್ಲ. ನೇರವಾಗಿ ಬೀಳುವ ಹನಿಯ ಸ್ಥಾನ ಅದರ ಆರಂಭದ ಸ್ಥಾನ, ವೇಗ, ಕಳೆದ ಸಮಯ ಈ ಮೂರರಿಂದಲೇ ಗೊತ್ತಾಗುತ್ತದೆ. ಆರಂಭದ ಸ್ಥಾನವನ್ನೂ ವೇಗವನ್ನೂ ಬಫರ್‌ಗೆ ಒಮ್ಮೆ ತುಂಬಿ, ಉಳಿದ ಲೆಕ್ಕವನ್ನು ವರ್ಟೆಕ್ಸ್ ಶೇಡರ್‌ಗೆ ಒಪ್ಪಿಸಿ. ನೆಲ ಮುಟ್ಟಿದ ಹನಿ ಮತ್ತೆ ಮೇಲಿಂದ ಬರುವಂತೆ ಭಾಗಾಕಾರದ ಶೇಷ ನೋಡಿಕೊಳ್ಳುತ್ತದೆ. ಆಮೇಲೆ ಪ್ರತಿ ಫ್ರೇಮ್‌ಗೂ ನೀವು ಕಳಿಸಬೇಕಾದದ್ದು ಸಮಯ ಎಂಬ ಒಂದು ಸಂಖ್ಯೆ, 4 ಬೈಟ್. ಹನಿ ಕೊಡೆಗೆ ತಗುಲಿ ಸಿಡಿಯಬೇಕು, ಗಾಳಿಗೆ ದಿಕ್ಕು ಬದಲಿಸಬೇಕು ಎಂದಾದಾಗ ಮೇಲೆ ಹೇಳಿದ ಬಫರ್ ಕ್ರಮಗಳಿಗೆ ಬನ್ನಿ. ಮೊದಲು ಈ ನಾಲ್ಕು ಬೈಟಿನ ಮಳೆ ಸುರಿಸಿ ನೋಡಿ, ಒಂದು ಫ್ರೇಮ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಬರೆದು ತಿಳಿಸಿ.