ವೇದಿಕೆಯಿಂದ ದಾರಿಗೆ

ಜಪಾನಿನ ರಾಜಧಾನಿಯಾದ ಟೋಕಿಯೋದ ವಾಹನ ಪ್ರದರ್ಶನವು ಜಗತ್ತಿನ ಪ್ರಸಿದ್ಧ ಪ್ರದರ್ಶನಗಳಲ್ಲೊಂದು. ವಿಶಾಲವಾದ ಅಂಗಣಗಳಲ್ಲಿ ಹಗಲನ್ನು ನಾಚಿಸುವ ದೀಪಗಳು. ಎತ್ತರದ ವೇದಿಕೆಗಳ ಮೇಲೆ ಕನ್ನಡಿಯಂತೆ ಹೊಳೆಯುವ ಹೊಸ ಕಾರುಗಳು. ಅವುಗಳ ಸುತ್ತ ಕಿಕ್ಕಿರಿದ ಜನ. ಅಲ್ಲಿ ನಿಂತ ಕಾರುಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಬೇಗನೆ ಮಾರಾಟಕ್ಕೆ ಬರತಕ್ಕವು. ಇನ್ನು ಕೆಲವು ತಯಾರಕರ ಕಲ್ಪನೆಯನ್ನು ತೋರಿಸಲೆಂದೇ ನಿರ್ಮಿಸಿದ ಮಾದರಿಗಳು. ಇಂತಹ ಮಾದರಿಯು ತಯಾರಕರು ನಾಡಿಗೆ ಕೊಡುವ ಒಂದು ವಾಗ್ದಾನ. ವೇದಿಕೆಯ ಮೇಲೆ ಮಿನುಗಿದ್ದು ದಾರಿಯಲ್ಲಿಯೂ ಓಡೀತೇ? ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಬಲ್ಲವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದಿರದು.

ಈ ಪ್ರದರ್ಶನದ ಆರಂಭ ಬಹಳ ಸರಳವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋತು ಬೆಂದ ಜಪಾನು ಮೆಲ್ಲಮೆಲ್ಲನೆ ಚೇತರಿಸಿಕೊಳ್ಳುತ್ತಿದ್ದ ಕಾಲ. 1954ರ ಏಪ್ರಿಲ್ ತಿಂಗಳಲ್ಲಿ ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಮೊದಲನೆಯ ಪ್ರದರ್ಶನ ಏರ್ಪಟ್ಟಿತು. ಅಲ್ಲಿದ್ದ 267 ವಾಹನಗಳಲ್ಲಿ ಜನರು ಪ್ರಯಾಣ ಮಾಡುವ ಕಾರುಗಳು ಕೇವಲ 17. ಉಳಿದವುಗಳಲ್ಲಿ ಲಾರಿ, ಬಸ್ಸು, ಮೋಟಾರು ಸೈಕಲ್ಲುಗಳೇ ಹೆಚ್ಚು. ಸ್ವಂತ ಕಾರು ಎಂಬುದು ಸಾಮಾನ್ಯ ಜಪಾನೀಯನಿಗೆ ಅಂದು ಕನಸಿನ ಮಾತು. ಆದರೂ ಹತ್ತು ದಿನಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಆ ಉದ್ಯಾನಕ್ಕೆ ಬಂದರು. ಕೊಳ್ಳುವ ಶಕ್ತಿಯಿಲ್ಲದಿದ್ದರೂ ತಮ್ಮ ದೇಶದ ಕೈಗಳು ಏನು ಮಾಡಬಲ್ಲವೆಂದು ನೋಡುವ ಹಂಬಲ ಅವರಿಗಿತ್ತು.

ಮೆಚ್ಚುಗೆಯ ಬೆನ್ನಿಗೇ ಕಠಿಣ ಪರೀಕ್ಷೆಯೂ ಬಂದಿತು. 1957ರಲ್ಲಿ ಟೊಯೋಟಾ ಸಂಸ್ಥೆಯು ತನ್ನ ‘ಕ್ರೌನ್’ ಎಂಬ ಕಾರನ್ನು ಅಮೆರಿಕಕ್ಕೆ ಕಳುಹಿಸಿತು. ಜಪಾನಿನ ಒರಟು ರಸ್ತೆಗಳಿಗೆಂದು ರೂಪಿಸಿದ ಗಟ್ಟಿಮುಟ್ಟಾದ ಕಾರು ಅದು. ಅಮೆರಿಕದ ಹೆದ್ದಾರಿಗಳ ವೇಗ ಅದಕ್ಕೆ ಒಗ್ಗಲಿಲ್ಲ. ಎಂಜಿನ್ನು ಕಾಯತೊಡಗಿತು, ವೇಗ ಹೆಚ್ಚಿದಂತೆ ಗಾಡಿ ನಡುಗಿತು. 1960ರಲ್ಲಿ ಆ ಕಾರಿನ ರಫ್ತನ್ನು ನಿಲ್ಲಿಸಬೇಕಾಯಿತು. ಸ್ವದೇಶದಲ್ಲಿ ಹೊಗಳಿಸಿಕೊಂಡ ವಸ್ತು ಪರದೇಶದ ದಾರಿಯಲ್ಲಿ ಸೋತಿತ್ತು.

ಆದರೆ ತಯಾರಕರು ದಾರಿಯನ್ನು ದೂಷಿಸುತ್ತ ಕೂರಲಿಲ್ಲ. ವೇಗಕ್ಕೆ ತಕ್ಕ ಎಂಜಿನ್ನನ್ನೂ ದೇಹವನ್ನೂ ಹೊಸದಾಗಿ ರೂಪಿಸಿ, ‘ಕೊರೋನಾ’ ಎಂಬ ಕಾರನ್ನು ಸಿದ್ಧಪಡಿಸಿದರು. ಅಷ್ಟರಲ್ಲಿ ಜಪಾನಿನಲ್ಲಿಯೇ ಮೇಯ್ಶಿನ್ ಎಂಬ ವೇಗದ ಹೆದ್ದಾರಿಯ ಬಹುಭಾಗ ಸಿದ್ಧವಾಗಿತ್ತು. 1964ರಲ್ಲಿ ಆ ಹೆದ್ದಾರಿಯ ಮೇಲೆ ಎಲ್ಲರ ಕಣ್ಣೆದುರಿಗೇ ಕೊರೋನಾ ಕಾರನ್ನು 1 ಲಕ್ಷ ಕಿಲೋಮೀಟರು ಓಡಿಸಿ ಪರೀಕ್ಷಿಸಿದರು. ಮರುವರ್ಷ ಅದು ಅಮೆರಿಕವನ್ನು ಸೇರಿ ಜನರ ವಿಶ್ವಾಸ ಗಳಿಸಿತು. 1980ರ ವೇಳೆಗೆ ಜಪಾನು ವಾಹನಗಳ ತಯಾರಿಕೆಯಲ್ಲಿ ಅಮೆರಿಕವನ್ನೇ ಹಿಂದೆ ಹಾಕಿ, ಜಗತ್ತಿನಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು.

ಗೆಲುವು ಬಂದ ಮೇಲೂ ಹೊಸ ವಾಗ್ದಾನಗಳು ನಿಲ್ಲಲಿಲ್ಲ. 1995ರ ಪ್ರದರ್ಶನದಲ್ಲಿ ಟೊಯೋಟಾ ಸಂಸ್ಥೆಯು ‘ಪ್ರಿಯಸ್’ ಎಂಬ ಚಿಕ್ಕ ಮಾದರಿಯೊಂದನ್ನು ನಿಲ್ಲಿಸಿತ್ತು. ಲ್ಯಾಟಿನ್ ಭಾಷೆಯ ಈ ಪದಕ್ಕೆ ‘ಮೊದಲು’ ಎಂದರ್ಥ. ಅದರ ವಿಶೇಷವೆಲ್ಲ ಒಳಗೆ ಅಡಗಿತ್ತು. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಒಂದೇ ಕಾರಿನಲ್ಲಿ ಜೋಡಿಯಾಗಿ ದುಡಿಯುವಂತೆ ಮಾಡುವುದು ತಂತ್ರಜ್ಞರ ಉದ್ದೇಶ. ಸಾಮಾನ್ಯ ಕಾರಿನಲ್ಲಿ ಬ್ರೇಕು ಒತ್ತಿದಾಗ ಓಟದ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಇಲ್ಲಿ ಆ ಶಕ್ತಿಯ ಒಂದು ಭಾಗವು ವಿದ್ಯುತ್ತಾಗಿ ಸಂಗ್ರಹಗೊಂಡು ಮತ್ತೆ ಚಾಲನೆಗೆ ಒದಗುತ್ತದೆ. ಇಂಧನ ಉಳಿಯುತ್ತದೆ, ಹೊಗೆಯೂ ಕಡಿಮೆಯಾಗುತ್ತದೆ.

ಯೋಜನೆಯ ಮುಂದಾಳು ತಾಕೇಶಿ ಉಚಿಯಾಮಾದಾ ಅವರು ಅದುವರೆಗೆ ಇಡೀ ಕಾರೊಂದರ ನಿರ್ಮಾಣದ ಹೊಣೆ ಹೊತ್ತವರಲ್ಲ. ಜನರು ವೇದಿಕೆಯ ಮೇಲಿನ ಮಾದರಿಯನ್ನು ನೋಡಿ ಹೋದ ಆ ಚಳಿಗಾಲದಲ್ಲಿಯೇ, ಪರೀಕ್ಷೆಗೆಂದು ಕಟ್ಟಿದ ಕಾರು ನಿಂತಲ್ಲಿಂದ ಕದಲಲೊಲ್ಲದೆ ಹೋಯಿತು. ಒಂದಲ್ಲ, ಎರಡಲ್ಲ, 49 ದಿನಗಳು ಕಳೆದವು. ತಂಡದವರು ಹಗಲಿರುಳು ದೋಷವನ್ನು ಹುಡುಕಿದರು. ಕೊನೆಗೆ ಕಾರು ಚಲಿಸಿತು. ಆದರೆ ಸುಮಾರು 500 ಮೀಟರು ಸಾಗಿ ಮತ್ತೆ ನಿಂತಿತು! ಆ ಅರ್ಧ ಕಿಲೋಮೀಟರನ್ನು ಅವರು ಸೋಲೆಂದು ಬಗೆಯಲಿಲ್ಲ. ಒಂದೊಂದೇ ತೊಡಕನ್ನು ಬಿಡಿಸುತ್ತ ಮುಂದುವರಿದರು. 1997ರ ಡಿಸೆಂಬರಿನಲ್ಲಿ ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಈ ಬಗೆಯ ಜೋಡಿಶಕ್ತಿಯ ಕಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲನೆಯದು ಅದೇ. ಹೆಸರು ಸಾರ್ಥಕವಾಯಿತು.

ಕಾಲಕ್ಕೆ ತಕ್ಕಂತೆ ಪ್ರದರ್ಶನವೂ ಬದಲಾಗಿದೆ. 2023ರಲ್ಲಿ ಅದಕ್ಕೆ ‘ಜಪಾನ್ ಮೊಬಿಲಿಟಿ ಷೋ’ ಎಂಬ ಹೊಸ ಹೆಸರು ಬಂದಿತು. ಆ ವರ್ಷ ಹನ್ನೊಂದು ಲಕ್ಷಕ್ಕೂ ಮಿಕ್ಕ ಜನ ಅದನ್ನು ನೋಡಿದರು. ಅಂದು ಅಲ್ಲಿ ನಿಂತಿದ್ದ ಹೋಂಡಾ ಸಂಸ್ಥೆಯ ‘ಪ್ರಿಲ್ಯೂಡ್’ ಎಂಬ ಮಾದರಿ 2025ರಲ್ಲಿ ಜಪಾನಿನ ದಾರಿಗಿಳಿಯಿತು. ಸುಜುಕಿ ಸಂಸ್ಥೆಯು ತೋರಿಸಿದ್ದ ವಿದ್ಯುತ್ ಕಾರಿನ ಮಾದರಿಯು ‘ಇ ವಿಟಾರಾ’ ಎಂಬ ಹೆಸರು ಹೊತ್ತು, ಅದೇ ವರ್ಷ ನಮ್ಮ ದೇಶದ ಗುಜರಾತಿನಲ್ಲಿ ತಯಾರಾಗತೊಡಗಿತು.

ಕನ್ನಡನಾಡಿಗೂ ಈ ಕಥೆಯಲ್ಲಿ ಪಾಲುಂಟು. ಬೆಂಗಳೂರಿಗೆ ಸಮೀಪದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ಕಾರುಗಳ ತಯಾರಿಕೆ ಆರಂಭವಾಯಿತು. 2013ರಲ್ಲಿ ಜೋಡಿಶಕ್ತಿಯ ಕಾರೂ ಅಲ್ಲಿಂದ ಹೊರಬಂದಿತು. ಒಂದು ಕಾಲಕ್ಕೆ 49 ದಿನ ಕದಲದೆ ನಿಂತಿದ್ದ ವಿದ್ಯೆ ಹೀಗೆ ಕಡಲು ದಾಟಿ ಬಂದಿತು. 2007ರಲ್ಲಿ ಬಿಡದಿಯಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಸಂಸ್ಥೆಗೆ ಹತ್ತನೆಯ ತರಗತಿ ಮುಗಿಸಿದ ಗ್ರಾಮಾಂತರದ ಮಕ್ಕಳು ಬಂದು ಸೇರಿದರು. ವಾಹನದ ಅಂಗಾಂಗಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿಯುವ ಕೈಗಳಿಗೆ ತಪ್ಪುವುದೂ ತಿದ್ದಿಕೊಳ್ಳುವುದೂ ನಿತ್ಯದ ಪಾಠ.

ಪ್ರದರ್ಶನದ ದೀಪಗಳು ಕೆಲವು ದಿನಗಳಲ್ಲಿ ಆರುತ್ತವೆ. ವೇದಿಕೆಯ ಮೇಲಿನ ಹೊಳಪು ನೋಡುವವರ ಕಣ್ಣಿಗೆ ಹಬ್ಬ. ಆದರೆ ಆ ಹೊಳಪಿಗೆ ಬೆಲೆ ಬರುವುದು, ದೀಪ ಆರಿದ ಮೇಲೆ ಕದಲದ ಗಾಡಿಯ ಮುಂದೆ ಐವತ್ತನೆಯ ದಿನವೂ ತಾಳ್ಮೆಯಿಂದ ಕುಳಿತುಕೊಳ್ಳಬಲ್ಲವರಿಂದ.